ಹಳೆಯ ಕಾರಿನ ಗುರುತು

ನಮ್ಮ ಮನೆಯ ಹಿತ್ತಿಲ ಕೊಟ್ಟಿಗೆಯಲ್ಲಿ ಈಗ ಹಸುಗಳಿಲ್ಲ. ಅಲ್ಲಿ ಒಂದು ಮಾರಿಸ್ ಮೈನರ್ ಕಾರು ನಿಂತಿದೆ. ಮಲೆನಾಡಿನ ಒಂದು ತಾಲ್ಲೂಕು ಊರಿನಲ್ಲಿ ವೈದ್ಯರಾಗಿದ್ದ ನಮ್ಮ ತಂದೆಯವರು ಅದನ್ನು 1955ರಲ್ಲಿ ಕಾಫಿ ತೋಟದ ಯಜಮಾನರೊಬ್ಬರಿಂದ ಕೊಂಡರು. ಅದರ ನಂಬರು ಇಂದಿಗೂ ಮೈಸೂರು ರಾಜ್ಯದ ಕಾಲದ 'ಎಂ.ವೈ.' ಅಕ್ಷರಗಳಿಂದಲೇ ಆರಂಭವಾಗುತ್ತದೆ. "ಐವತ್ತನೆಯ ಇಸವಿಯ ಗಾಡಿ" ಎಂದು ತಂದೆಯವರು ಕೊನೆಯವರೆಗೂ ಹೇಳುತ್ತಿದ್ದರು. ಕೆಲವು ತಿಂಗಳ ಹಿಂದೆ ಹಳೆಯ ಕಾರುಗಳನ್ನು ಸಂಗ್ರಹಿಸುವ ಮಹನೀಯರೊಬ್ಬರು ಬಂದು, ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಇದು ಐವತ್ತರದಲ್ಲ ಸಾರ್. ನಿಮ್ಮ ತಂದೆಯವರಿಗೆ ಯಾರೋ ಟೋಪಿ ಹಾಕಿದ್ದಾರೆ" ಎಂದುಬಿಟ್ಟರು.

ಸತ್ತವರ ಮಾತಿನ ಮೇಲೆ ಬಂದ ಈ ಆಕ್ಷೇಪವೇ ನನ್ನನ್ನು ಹಳೆಯ ಕಾರುಗಳ ವಿದ್ಯೆಗೆ ಎಳೆಯಿತು. ಅದುವರೆಗೆ ನನಗೆ ತಿಳಿದಿದ್ದುದು ಕಾರನ್ನು ತೊಳೆಯುವುದು ಮತ್ತು ತಳ್ಳುವುದು, ಇವೆರಡೇ.

ಮೊದಲು 'ವಿಂಟೇಜ್' ಎಂಬ ಮಾತನ್ನೇ ನೋಡೋಣ. ಮೂಲತಃ ಇದು ದ್ರಾಕ್ಷಾರಸಕ್ಕೆ ಸಂಬಂಧಿಸಿದ ಶಬ್ದ. ಇಂಗ್ಲೆಂಡಿನಲ್ಲಿ 1934ರಲ್ಲಿ ಸ್ಥಾಪನೆಯಾದ ವಿಂಟೇಜ್ ಸ್ಪೋರ್ಟ್ಸ್ ಕಾರ್ ಕ್ಲಬ್ಬಿನ ಲೆಕ್ಕದಲ್ಲಿ, 1930ರ ಕೊನೆಯೊಳಗೆ ತಯಾರಾದುದು ಮಾತ್ರ ವಿಂಟೇಜ್. ಆ ಅಳತೆಯಲ್ಲಿ ನಮ್ಮ ಕಾರು ಇನ್ನೂ ಹುಡುಗ. ನಮ್ಮ ದೇಶದಲ್ಲಾದರೋ 2021ರಲ್ಲಿ ಹೊರಟ ಕೇಂದ್ರ ಸರ್ಕಾರದ ನಿಯಮದಂತೆ, ಮೊದಲ ನೋಂದಣಿಯಾಗಿ ಐವತ್ತು ವರ್ಷ ದಾಟಿದ, ಬಾಡಿಗೆ ವ್ಯಾಪಾರಕ್ಕೆ ಬಳಸದ ವಾಹನ ವಿಂಟೇಜ್ ಎನಿಸಿಕೊಳ್ಳುತ್ತದೆ. ಆದರೆ ಅದಕ್ಕೊಂದು ಷರತ್ತುಂಟು: ಚಾಸಿಸ್, ಮೈಕಟ್ಟು, ಎಂಜಿನ್ನುಗಳಲ್ಲಿ ಗಣನೀಯವಾದ ಮಾರ್ಪಾಡು ಆಗಿರಬಾರದು, ವಾಹನ ತನ್ನ ಮೂಲ ರೂಪದಲ್ಲಿರಬೇಕು. ಈ ಷರತ್ತನ್ನು ಓದಿದ ದಿನ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ. ಏಕೆಂಬುದನ್ನು ಮುಂದೆ ಹೇಳುತ್ತೇನೆ.

ಕಾರಿನ ಹೆಸರೊಂದನ್ನೇ ನಂಬಿ ಅದರ ವಯಸ್ಸು ಹೇಳಲು ಹೊರಟವನು ಮೋಸಹೋಗುತ್ತಾನೆ. ಮಾರಿಸ್ ಮೈನರ್ ಎಂಬ ಹೆಸರಿನ ಒಂದು ಕಾರು 1928ರಲ್ಲಿಯೇ ಬಂದಿತ್ತು. ನಾವೆಲ್ಲ ಬಲ್ಲ, ಆಮೆಯ ಚಿಪ್ಪಿನಂತೆ ದುಂಡಗಿರುವ ಮೈನರ್ ಬೇರೆ. ಅದು 1948ರ ಅಕ್ಟೋಬರಿನಲ್ಲಿ ಲಂಡನ್ನಿನ ಪ್ರದರ್ಶನದಲ್ಲಿ ಕಾಣಿಸಿಕೊಂಡು 1971ರವರೆಗೆ ತಯಾರಾಯಿತು. ನಮ್ಮಲ್ಲಿ ಅದೇ ಕಾರನ್ನು ಹಿಂದೂಸ್ತಾನ್ ಮೋಟಾರ್ಸ್‌ನವರು 'ಬೇಬಿ ಹಿಂದೂಸ್ತಾನ್' ಎಂಬ ಹೆಸರಿನಲ್ಲಿಯೂ ಹೊರತಂದರು. ಅದನ್ನು ರೂಪಿಸಿದವನು, ಮುಂದೆ 'ಮಿನಿ' ಕಾರನ್ನು ರೂಪಿಸಿ ಜಗತ್ಪ್ರಸಿದ್ಧನಾದ ಅಲೆಕ್ ಇಸಿಗೋನಿಸ್. ತಯಾರಿಕೆಗೆ ಎಲ್ಲ ಸಿದ್ಧವಾಗಿದ್ದ ಹಂತದಲ್ಲಿ ಕಾರು ತೀರ ಕಿರಿದಾಯಿತೆಂದು ಅವನಿಗೆ ತೋರಿತಂತೆ. ಮಾದರಿ ಕಾರನ್ನು ಉದ್ದಕ್ಕೆ ಸೀಳಿಸಿ, ಎರಡು ಹೋಳುಗಳನ್ನೂ ಕಣ್ಣಿಗೆ ಒಪ್ಪುವಷ್ಟು ದೂರ ಸರಿಸಿ ನೋಡಿದ. ನಾಲ್ಕು ಅಂಗುಲದ ಅಂತರದಲ್ಲಿ ಅವನ ಮನಸ್ಸು ಒಪ್ಪಿತು. ಬಾನೆಟ್ಟಿನ ನಡುವೆ ಉದ್ದಕ್ಕೆ ಉಬ್ಬಿ ನಿಂತ ಚಪ್ಪಟೆ ಪಟ್ಟಿ ಇಂದಿಗೂ ಆ ಕತೆಯನ್ನು ಹೇಳುತ್ತದೆ. ಮೊದಮೊದಲ ಕಾರುಗಳ ಬಂಪರುಗಳನ್ನೂ ಕತ್ತರಿಸಿ, ನಡುವೆ ನಾಲ್ಕು ಅಂಗುಲದ ತುಂಡು ಸೇರಿಸಿದ್ದರು.

ಇನ್ನು ವಯಸ್ಸಿನ ಗುರುತುಗಳು. ಮೊದಲ ಕಾರುಗಳ ಹೆಡ್‌ಲೈಟುಗಳು ತಗ್ಗಿನಲ್ಲಿ, ಮುಂದಿನ ಜಾಲರಿಯ ಇಕ್ಕೆಲಗಳಲ್ಲಿದ್ದವು. 1951ರ ಹೊತ್ತಿಗೆ ಅವು ಮೇಲೇರಿ ಮಡ್‌ಗಾರ್ಡುಗಳ ಮೇಲೆ ಕುಳಿತವು. ಮುಂದಿನ ಗಾಜು 1956ರವರೆಗೆ ಎರಡು ಹೋಳು. ಆ ವರ್ಷ ಬಂದ 'ಮೈನರ್ 1000'ದಲ್ಲಿ ಒಂದೇ ಬಾಗಿದ ಗಾಜು. ತಿರುವಿನಲ್ಲಿ ಬಾಗಿಲ ಪಕ್ಕದ ಕಂಬದಿಂದ ಕಿವಿಯಂತೆ ಹೊರಚಾಚುತ್ತಿದ್ದ ಪುಟ್ಟ ಕೈ 1961ರವರೆಗೆ ಇತ್ತು. ವೇಗ ತೋರಿಸುವ ಗಡಿಯಾರ ಚಾಲಕನ ಎದುರಿಗಿದ್ದರೆ ಅದು ಹಳೆಯದು. 1954ರ ಕೊನೆಯಲ್ಲಿ ಅದು ಹಲಗೆಯ ಮಧ್ಯಕ್ಕೆ ಬಂದಿತು. ಬಾನೆಟ್ಟನ್ನೆತ್ತಿ ನೋಡಿದಾಗ ಎಂಜಿನ್ನಿನ ನೆತ್ತಿ ಚಪ್ಪಟೆಯಾಗಿದ್ದು, ಸ್ಪಾರ್ಕ್ ಪ್ಲಗ್ಗುಗಳು ಮೇಲೆ ನೆಟ್ಟಗೆ ನಿಂತಿದ್ದರೆ ಅದು ಮೊದಲಿನ 918 ಸಿ.ಸಿ. ಎಂಜಿನ್. ನೆತ್ತಿಯ ಮೇಲೆ ತಗಡಿನ ಮುಚ್ಚಳವಿದ್ದು, ಪ್ಲಗ್ಗುಗಳು ಪಕ್ಕದಲ್ಲಿದ್ದರೆ ಅದು 1952ರಿಂದೀಚಿನದು: ಮೊದಲು 803, 1956ರಲ್ಲಿ 948, 1962ರಲ್ಲಿ 1098 ಸಿ.ಸಿ.

ಈ ಪಟ್ಟಿಯನ್ನು ಹಿಡಿದು ನಮ್ಮ ಕಾರಿನ ಎದುರು ನಿಂತಾಗ ನನಗೆ ದಿಗ್ಭ್ರಮೆಯಾಯಿತು. ಗಾಜು ಎರಡು ಹೋಳು. ಎಂದರೆ 1956ಕ್ಕೆ ಹಿಂದಿನದು. ವೇಗದ ಗಡಿಯಾರ ಚಾಲಕನ ಎದುರು. ಎಂದರೆ ಇನ್ನೂ ಹಿಂದಿನದು. ಆದರೆ ದೀಪಗಳು ಮಡ್‌ಗಾರ್ಡಿನ ಮೇಲೆ! ಎಂಜಿನ್ ನೋಡಿದರೆ 948! ಸಂಗ್ರಾಹಕರು ಹೇಳಿದುದರಲ್ಲಿ ತಪ್ಪೇನಿತ್ತು? ಒಂದೊಂದು ಅಂಗ ಒಂದೊಂದು ಜಾತಕ ಹೇಳುತ್ತಿತ್ತು.

ಇಂಥಲ್ಲಿ ಬಲ್ಲವರು ಮಾಡುವುದಿಷ್ಟು. ಬೋಲ್ಟು ಬಿಚ್ಚಿ ಸುಲಭವಾಗಿ ಬದಲಾಯಿಸಬಹುದಾದ ಭಾಗಗಳ ಸಾಕ್ಷ್ಯಕ್ಕೆ ಕಡಿಮೆ ಬೆಲೆ, ಬೆಸುಗೆಯಲ್ಲಿ ಒಂದಾಗಿರುವ ಭಾಗಗಳ ಸಾಕ್ಷ್ಯಕ್ಕೆ ಹೆಚ್ಚು ಬೆಲೆ. ಮೈನರಿನ ಮುಂದಿನ ಮಡ್‌ಗಾರ್ಡು ಬೋಲ್ಟಿನದು. ಗಾಜಿನ ಚೌಕಟ್ಟು ಮೈಯಲ್ಲಿಯೇ ಹುಟ್ಟಿದ್ದು. ಅನಂತರ ಬಾನೆಟ್ಟಿನ ಒಳಗಿರುವ ತಗಡಿನ ಮೇಲಿನ ಸಂಖ್ಯೆಯನ್ನು ಆರ್.ಸಿ. ಪುಸ್ತಕದೊಂದಿಗೆ ತಾಳೆ ನೋಡಬೇಕು. ನಾನು ಸೀಮೆಎಣ್ಣೆಯಲ್ಲಿ ಬಟ್ಟೆ ಅದ್ದಿ ಆ ತಗಡನ್ನು ಉಜ್ಜಿದೆ. ಸಂಖ್ಯೆ ಅಂಕಿಗೆ ಅಂಕಿ ಕೂಡಿತು. ಇಸವಿ 1950. ಅದೇ ಪುಸ್ತಕದಲ್ಲಿ 1964ರಲ್ಲಿ ಎಂಜಿನ್ ಬದಲಾದುದಕ್ಕೆ ಮೊಹರು ಬಿದ್ದ ಷರಾ ಕೂಡ ಇತ್ತು.

ಉಳಿದುದನ್ನು ತಂದೆಯವರ ಜಮಾಖರ್ಚಿನ ಪುಸ್ತಕ ಹೇಳಿತು. 1958ರ ಶ್ರಾವಣದಲ್ಲಿ ಒಂದು ಹೆರಿಗೆ ಮಾಡಿಸಿ ರಾತ್ರಿ ಘಾಟಿಯಲ್ಲಿ ಹಿಂದಿರುಗುವಾಗ ಅಡ್ಡ ಬಿದ್ದ ಮರಕ್ಕೆ ಕಾರು ಡಿಕ್ಕಿ ಹೊಡೆದು ಅದರ ಮುಖ ಜಜ್ಜಿಹೋಗಿತ್ತು. "ಮುಂದಿನ ಮಡ್‌ಗಾರ್ಡು ಎರಡು, ದೀಪ ಸಮೇತ, ಬೆಂಗಳೂರು ಗುಜರಿ" ಎಂದು ಅವರ ಮುತ್ತಿನಂಥ ಅಕ್ಷರ. ಆಮದಿನ ಬಿಡಿಭಾಗಗಳು ಸಿಗದ ಕಾಲ. ಮೇಸ್ತ್ರಿಗಳು ಸಿಕ್ಕಿದ್ದನ್ನು ಸಿಕ್ಕಿದ್ದಕ್ಕೆ ಜೋಡಿಸಿ ಗಾಡಿಗಳನ್ನು ಬದುಕಿಸುತ್ತಿದ್ದರು. ಆ ಬರಹ ಓದಿದಾಗ ನನ್ನ ಬಾಲ್ಯದ ಒಂದು ಒಗಟು ಬಿಡಿಸಿಕೊಂಡಿತು. ತೀರ ಚಿಕ್ಕವನಾಗಿದ್ದಾಗ ಕಾರಿನ ಕಣ್ಣುಗಳು ನನ್ನ ಮುಖದ ಸಮಕ್ಕಿದ್ದವೆಂಬ ಮಸುಕು ನೆನಪು. ಆಮೇಲೆ ಅವು ಮೇಲೆ ಹೋಗಿದ್ದವು. ನನ್ನ ಹಾಗೆ ಕಾರೂ ಬೆಳೆಯಿತೆಂದು ನಾನು ತಿಳಿದಿದ್ದೆ.

ಇಂಥ ಕಾರನ್ನು ಸಾಕುವುದಕ್ಕೆ ಸಂಪತ್ತಿಗಿಂತ ಎಚ್ಚರ ಮುಖ್ಯ. ಮುಂದಿನ ಚಕ್ರವನ್ನು ಹೊತ್ತ ತಿರುಗಣೆಗೆ ಗ್ರೀಸ್ ತಪ್ಪಿದರೆ ಚಕ್ರವೇ ಮಡಿಚಿಕೊಂಡು ಕಾರು ಮಂಡಿಯೂರುತ್ತದೆ. ಹ್ಯಾಂಡಲ್ ಹಾಕಿ ತಿರುಗಿಸುವಾಗ ಹೆಬ್ಬೆರಳನ್ನು ಉಳಿದ ಬೆರಳುಗಳ ಪಕ್ಕದಲ್ಲಿಯೇ ಇಡಬೇಕು, ಸುತ್ತಿ ಹಿಡಿಯಬಾರದು. ಎಂಜಿನ್ ಹಿಂದಕ್ಕೆ ಒದೆದರೆ ಹೆಬ್ಬೆರಳು ಮುರಿಯುತ್ತದೆ. ತಂದೆಯವರು ನನಗೆ ಇದನ್ನು ಕಲಿಸಿದ್ದು ಗದರಿಕೆಯಿಂದ. ಮಳೆನಾಡಿನಲ್ಲಿ ಬಾಗಿಲ ಕೆಳಗಿನ ತಗಡು, ಕಾಲಡಿಯ ತಗಡು ಮೊದಲು ತುಕ್ಕು ಹಿಡಿಯುತ್ತವೆ. ಕೊಳ್ಳುವವರು ಬಣ್ಣಕ್ಕೆ ಮರುಳಾಗದೆ ಚಾಪೆಯನ್ನೆತ್ತಿ ನೋಡಬೇಕು. ಈಗಿನ ಎಥೆನಾಲ್ ಬೆರೆತ ಪೆಟ್ರೋಲು ಹಳೆಯ ರಬ್ಬರ್ ಕೊಳವೆಗಳನ್ನು ತಿನ್ನುವುದರಿಂದ ಅವನ್ನೂ ಬದಲಾಯಿಸಿಕೊಳ್ಳಬೇಕು.

ಸಂಗ್ರಾಹಕರು ಮತ್ತೆ ಬಂದರು. ಪುಸ್ತಕಗಳನ್ನು ನೋಡಿ, "ಕ್ಷಮಿಸಿ ಸಾರ್, ನಿಮ್ಮ ತಂದೆಯವರ ಮಾತೇ ಸರಿ" ಎಂದರು. ಆಮೇಲೆ ದನಿ ತಗ್ಗಿಸಿ, "ತಗ್ಗು ದೀಪದ ಮುಖವನ್ನೂ ಹಳೆಯ ಎಂಜಿನ್ನನ್ನೂ ನಾನು ಹೊಂದಿಸುತ್ತೇನೆ. ಮೊದಲಿಂದಲೂ ಹೀಗೇ ಇತ್ತು ಎಂದು ತಾವೊಂದು ಮಾತು ಬರೆದುಕೊಡಿ. ಬೆಲೆ ಎರಡರಷ್ಟು" ಎಂದರು. ಮಗಳ ಮನೆಯ ಸಾಲ ನನ್ನ ಕಣ್ಣ ಮುಂದೆ ಸುಳಿಯಲಿಲ್ಲವೆಂದರೆ ಸುಳ್ಳಾದೀತು. ಆದರೆ ಹಾಗೆ ಬರೆದುಕೊಟ್ಟರೆ ಘಾಟಿಯ ಆ ರಾತ್ರಿ ನಡೆಯಲೇ ಇಲ್ಲವೆಂದು ನಾನು ಸಹಿ ಹಾಕಿದಂತಾಗುತ್ತಿತ್ತು. ತಂದೆಯವರ ಮಾತನ್ನು ನಿಜಮಾಡಲು ಹೊರಟವನು ಅವರ ಲೆಕ್ಕದ ಪುಸ್ತಕವನ್ನು ಸುಳ್ಳುಮಾಡಬೇಕಾಗಿತ್ತು. "ಆಗಲಾರದು" ಎಂದೆ.

ವಿಂಟೇಜ್ ನೋಂದಣಿಯ ಅರ್ಜಿಯನ್ನು ಈಗ ತುಂಬಿಸಿದ್ದೇನೆ. ಜೊತೆಗೆ ಒಂದು ಹಾಳೆಯಲ್ಲಿ, 1958ರಲ್ಲಿ ಮಡ್‌ಗಾರ್ಡು, 1964ರಲ್ಲಿ ಎಂಜಿನ್ ಬದಲಾಗಿದೆ ಎಂದು ಸ್ಪಷ್ಟವಾಗಿ ಬರೆದಿದ್ದೇನೆ. ಮೂಲ ರೂಪವೆಂದು ಒಪ್ಪುವುದೋ ಬಿಡುವುದೋ ನೋಡುವವರಿಗೆ ಸೇರಿದ್ದು. ಒಪ್ಪದಿದ್ದರೂ ಕಾರು ಕೊಟ್ಟಿಗೆಯಲ್ಲಿಯೇ ಇರುತ್ತದೆ. ಭಾನುವಾರ ಬೆಳಿಗ್ಗೆ ಗ್ರೀಸ್ ಹಾಕಿ, ಹೆಬ್ಬೆರಳನ್ನು ಪಕ್ಕಕ್ಕಿಟ್ಟುಕೊಂಡು, ಹ್ಯಾಂಡಲ್ ತಿರುಗಿಸುತ್ತೇನೆ. ಸಾಮಾನ್ಯವಾಗಿ ಮೂರನೆಯ ಸುತ್ತಿಗೆ ಓಗೊಡುತ್ತದೆ.