ಸವೆಯುವ ಸುರುಳಿಯ ಸಂಗೀತ

ಇತಿಹಾಸ ವಿಭಾಗದ ಸಂಚಿಕೆಯಲ್ಲಿ ಸಂಗೀತದ ವಿಚಾರಕ್ಕೆ ಎಡೆಯೆಲ್ಲಿಯದು ಎಂದು ವಾಚಕರು ಕೇಳಬಹುದು. ನಾವು ಇಲ್ಲಿ ಪರಿಶೀಲಿಸಲು ಹೊರಟಿರುವ ಧ್ವನಿಮುದ್ರಿಕೆಯು ಸ್ವರಸಂಪತ್ತಿನ ದೃಷ್ಟಿಯಿಂದ ಅತ್ಯಲ್ಪವಾದುದು. ಕೆಲವೇ ಸೆಕೆಂಡುಗಳ ಒಂದು ಸ್ವರಸಮೂಹ, ಅದರ ನಿರಂತರ ಪುನರಾವೃತ್ತಿ, ಅಷ್ಟೆ. ಆದರೂ ಅದನ್ನು ಕೇಳಿ ಕಣ್ಣೀರಿಟ್ಟವರು ಅನೇಕರುಂಟು. ಈ ಭಾವಶಕ್ತಿಯು ನಾದದಿಂದಲೇ ಹುಟ್ಟಿದುದೋ, ನಾದದೊಡನೆ ಬಂದು ಸೇರಿಕೊಂಡ ಚರಿತ್ರೆಯಿಂದ ಹುಟ್ಟಿದುದೋ ಎಂಬ ಪ್ರಶ್ನೆಯು ಆಕರಗಳ ಪರೀಕ್ಷೆಯನ್ನೇ ವೃತ್ತಿಯಾಗಿ ಉಳ್ಳ ನಮಗೆ ಹೊರಗಿನದಲ್ಲ.

ಕೃತಿಯ ಹೆಸರು 'ದಿ ಡಿಸ್‌ಇಂಟಿಗ್ರೇಷನ್ ಲೂಪ್ಸ್'. 'ಶಿಥಿಲವಾಗುವ ಸುತ್ತುಗಳು' ಎಂದು ಕನ್ನಡಿಸಬಹುದು. ಕರ್ತೃವಾದ ವಿಲಿಯಂ ಬಸಿನ್ಸ್ಕಿಯವರು 1958ರಲ್ಲಿ ಅಮೆರಿಕದ ಹ್ಯೂಸ್ಟನ್ ನಗರದಲ್ಲಿ ಜನಿಸಿ, ಮುಂದೆ ನ್ಯೂಯಾರ್ಕಿನಲ್ಲಿ ನೆಲಸಿದವರು. 2002 ಮತ್ತು 2003ರಲ್ಲಿ ನಾಲ್ಕು ಸಂಪುಟಗಳಾಗಿ ಹೊರಬಂದ ಈ ಕೃತಿಯಲ್ಲಿ ಒಟ್ಟು 9 ಖಂಡಗಳಿವೆ. ಮೊದಲನೆಯ ಖಂಡವೊಂದೇ 63 ನಿಮಿಷಗಳನ್ನು ಮೀರುತ್ತದೆ. ಇದನ್ನು 'ಆಂಬಿಯೆಂಟ್' ಎಂಬ ವರ್ಗಕ್ಕೆ ಸೇರಿಸುವುದು ವಾಡಿಕೆ. 1978ರಲ್ಲಿ ಬ್ರಯನ್ ಈನೋ ಅವರು ವಿಮಾನನಿಲ್ದಾಣಗಳಿಗೆಂದು ರಚಿಸಿದ ಮುದ್ರಿಕೆಯ ಮೂಲಕ ಈ ಹೆಸರು ಪ್ರಚಾರಕ್ಕೆ ಬಂದಿತು. ಶ್ರೋತೃವಿನ ಗಮನವನ್ನು ಬಲವಂತವಾಗಿ ಸೆಳೆಯದೆ, ಕೋಣೆಯ ಬೆಳಕಿನಂತೆ ಸುತ್ತಲೂ ನೆಲಸಿರುವ ಸಂಗೀತವಿದು. ತಂಬೂರಿಯ ಶ್ರುತಿಯಲ್ಲಿ ಹೊತ್ತು ಕಳೆದ ಕಿವಿಗೆ ಇದು ಅಷ್ಟೇನೂ ಅಪರಿಚಿತವಲ್ಲ. ನೀಳನಾದಕ್ಕೂ ಪುನರಾವೃತ್ತಿಗೂ ಪ್ರಾಧಾನ್ಯ ಕೊಟ್ಟ ಲಾ ಮಾಂಟ್ ಯಂಗ್, ಟೆರಿ ರೈಲಿ ಎಂಬ ಅಮೆರಿಕದ ಸಂಗೀತಗಾರರು ಪಂಡಿತ ಪ್ರಾಣನಾಥರ ಶಿಷ್ಯರಾಗಿದ್ದುದನ್ನೂ, ಪ್ರಾಣನಾಥರು ಧಾರವಾಡದ ಕಡೆಯವರಿಗೆ ಚಿರಪರಿಚಿತವಾದ ಕಿರಾನಾ ಘರಾಣೆಯವರೆಂಬುದನ್ನೂ ಇಲ್ಲಿ ಪ್ರಾಸಂಗಿಕವಾಗಿ ನೆನೆಯಬಹುದು. ಬಸಿನ್ಸ್ಕಿಯವರಿಗೂ ಆ ಸಂಬಂಧವನ್ನು ಆರೋಪಿಸುವುದು ನಮ್ಮ ಉದ್ದೇಶವಲ್ಲ.

ಈಗ ಕೃತಿಯ ಉತ್ಪತ್ತಿಯನ್ನು ನೋಡೋಣ. 1980ರ ದಶಕದ ಆದಿಭಾಗದಲ್ಲಿ ಬಸಿನ್ಸ್ಕಿಯವರು ರೇಡಿಯೋದಲ್ಲಿ ಕೇಳಿಬರುತ್ತಿದ್ದ ಲಘುವಾದ್ಯಸಂಗೀತದ ತುಣುಕುಗಳನ್ನು ಟೇಪಿನಲ್ಲಿ ಹಿಡಿದು, ಆ ಟೇಪಿನ ಗೇಣು ಮೊಳದ ತುಂಡುಗಳನ್ನು ಕತ್ತರಿಸಿ, ತುದಿಗೆ ತುದಿಯನ್ನು ಅಂಟಿಸಿ, ಉಂಗುರಗಳನ್ನಾಗಿ ಮಾಡಿಟ್ಟಿದ್ದರು. ಅಂತಹ ಉಂಗುರವನ್ನು ಯಂತ್ರಕ್ಕೆ ತೊಡಿಸಿದರೆ ಅದೇ ಸ್ವರಗಳು ಎಷ್ಟು ಹೊತ್ತು ಬೇಕಾದರೂ ತಿರುತಿರುಗಿ ಕೇಳಿಸುತ್ತವೆ. ಸುಮಾರು 20 ವರ್ಷಗಳ ತರುವಾಯ, 2001ರ ಬೇಸಗೆಯಲ್ಲಿ, ಟೇಪುಗಳು ಹಾಳಾಗುವ ಮುನ್ನ ಅವನ್ನು ಡಿಜಿಟಲ್ ರೂಪಕ್ಕೆ ಇಳಿಸಿ ಸಂರಕ್ಷಿಸಬೇಕೆಂದು ಅವರು ಕೈಹಚ್ಚಿದರು. ಸಂರಕ್ಷಣೆಯೇ ಉದ್ದೇಶವಾಗಿದ್ದಿತೆಂಬುದನ್ನು ವಾಚಕರು ಲಕ್ಷ್ಯದಲ್ಲಿಡಬೇಕು.

ಟೇಪು ಎಂಬುದು ಮೂಲತಃ ಪ್ಲಾಸ್ಟಿಕ್ಕಿನ ಒಂದು ಪಟ್ಟಿ. ಅದರ ಮೇಲೆ ಕಬ್ಬಿಣದ ಆಕ್ಸೈಡಿನ, ಎಂದರೆ ನಯವಾದ ತುಕ್ಕಿನ, ಪುಡಿಯನ್ನು ಒಂದು ಬಗೆಯ ಅಂಟಿನಿಂದ ಕೂರಿಸಿರುತ್ತಾರೆ. ಕಾಂತತ್ವವನ್ನು ಪಡೆದ ಆ ಪುಡಿಯ ವಿನ್ಯಾಸವೇ ಧ್ವನಿ. ಕಾಲಕ್ರಮದಲ್ಲಿ ಅಂಟು ಸತ್ವಗುಂದುತ್ತದೆ. ಬಸಿನ್ಸ್ಕಿಯವರ ಟೇಪು ಯಂತ್ರದ ಮುಖಕ್ಕೆ ಉಜ್ಜಿಕೊಂಡು ಹೋದಂತೆಲ್ಲ ಪುಡಿಯು ಉದುರತೊಡಗಿತು. ಪುಡಿ ಉದುರಿದೆಡೆ ಧ್ವನಿಯಿಲ್ಲ, ಬರಿಯ ಪ್ಲಾಸ್ಟಿಕ್ಕು ಮಾತ್ರ. ಇದನ್ನು ಕಂಡ ಅವರು ಯಂತ್ರವನ್ನು ನಿಲ್ಲಿಸಲಿಲ್ಲ. ಒಂದಿಷ್ಟು ಪ್ರತಿಧ್ವನಿಯನ್ನು ಕೂಡಿಸಿ, ಉಂಗುರವು ನಾದವನ್ನೆಲ್ಲ ಕಳೆದುಕೊಳ್ಳುವ ತನಕ ಮುದ್ರಣವನ್ನು ಮುಂದುವರಿಸಿದರು.

ಮೊದಲ ಖಂಡವನ್ನು ಕೇಳುವವನಿಗೆ ಬಹಳ ಹೊತ್ತು ಏನೂ ನಡೆಯುತ್ತಿಲ್ಲವೆಂದೇ ತೋರುತ್ತದೆ. ಕೊಂಬಿನ ಧ್ವನಿಯನ್ನು ಹೋಲುವ ಗಂಭೀರವಾದ ಒಂದು ಸ್ವರಪಂಕ್ತಿ ಏರಿ ಇಳಿಯುತ್ತದೆ, ಮತ್ತೆ ಏರುತ್ತದೆ. ನಾವು ಕೆಲವು ವಿದ್ಯಾರ್ಥಿಗಳಿಗೆ ಯಾವ ಪೀಠಿಕೆಯೂ ಇಲ್ಲದೆ ಇದನ್ನು ಕೇಳಿಸಿದಾಗ, ಮೊದಲ 10 ನಿಮಿಷಗಳಲ್ಲಿ ಇಬ್ಬರು ಮೂವರು ಬೇಸತ್ತು ಪುಸ್ತಕ ತೆರೆದರು, ಅವರನ್ನು ದೂಷಿಸುವಂತಿಲ್ಲ. ಆ ಬಳಿಕ ಸಣ್ಣ ಚಿಟಿಕೆಯ ಸದ್ದುಗಳು, ಸ್ವರದ ಅಂಚು ಮಬ್ಬಾಗುವುದು, ನಡುನಡುವೆ ಕೂದಲೆಳೆಯಷ್ಟು ಮೌನ. ಯಂತ್ರ ಕೆಟ್ಟಿತೆಂದು ಒಬ್ಬ ವಿದ್ಯಾರ್ಥಿ ಎದ್ದು ಬಂದನು. ಕೆಟ್ಟಿಲ್ಲವೆಂದು ತಿಳಿದ ಮೇಲೆ ಕುಳಿತು ಕೇಳಿದನು. ಪುಸ್ತಕ ತೆರೆದವರೂ ಅದನ್ನು ಮುಚ್ಚಿದರು. ಮೌನವು ಅಗಲವಾಗುತ್ತ ಬಂದಂತೆ, ಇಲ್ಲದ ಸ್ವರವನ್ನು ಮನಸ್ಸು ತಾನೇ ತುಂಬಿಕೊಳ್ಳತೊಡಗುತ್ತದೆ, ಏಕೆಂದರೆ ನೂರಾರು ಸಲ ಕೇಳಿ ಅದು ಕಂಠಪಾಠವಾಗಿರುತ್ತದೆ. ನಮ್ಮ ಶಾಸನತಜ್ಞರಿಗೆ ಈ ಅನುಭವ ಹೊಸದಲ್ಲ. ಕಲ್ಲು ಸವೆದೆಡೆ ಚುಕ್ಕಿಗಳನ್ನಿಟ್ಟು 'ಮುಂದೆ ತ್ರುಟಿತ' ಎಂದು ಬರೆಯುವಾಗಲೂ, ದಾನಶಾಸನಗಳ ಒಕ್ಕಣೆಯನ್ನು ಬಲ್ಲವರ ನಾಲಗೆಯ ಮೇಲೆ ಆ ಅಳಿದ ಅಕ್ಷರಗಳು ಆಡುತ್ತಲೇ ಇರುತ್ತವೆ. ವ್ಯತ್ಯಾಸವಿಷ್ಟೆ: ಕಲ್ಲು ಸವೆಯುವುದನ್ನು ಕಣ್ಣಾರೆ ಕಂಡವರಿಲ್ಲ. ಇಲ್ಲಿ ಅದು ಒಂದು ಗಂಟೆಯೊಳಗೆ ನಮ್ಮೆದುರಿನಲ್ಲಿಯೇ ನಡೆಯುತ್ತದೆ. ಶೋಕವನ್ನು ವರ್ಣಿಸುವ ಸಂಗೀತ ಲೋಕದಲ್ಲಿ ಬೇಕಾದಷ್ಟಿದೆ. ಇದು ವರ್ಣನೆಯಲ್ಲ, ಒಂದು ವಸ್ತುವಿನ ಅಳಿವಿನ ದಾಖಲೆ. ಅದರ ಶಕ್ತಿಯ ಬುಡ ಇಲ್ಲಿದೆಯೆಂಬುದು ನಮ್ಮ ಅಭಿಪ್ರಾಯ.

ಆದರೆ ಲೋಕಕ್ಕೆ ಈ ಕೃತಿಯು ಪರಿಚಿತವಾದುದು ಬೇರೊಂದು ದಿನದ ಮೂಲಕ. 2001ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕಿನ ಅವಳಿ ಗೋಪುರಗಳು ಉರುಳಿದಾಗ ಬಸಿನ್ಸ್ಕಿಯವರು ನದಿಯ ಈಚೆಗೆ ಬ್ರೂಕ್ಲಿನ್ನಿನಲ್ಲಿದ್ದರು. ಆ ಸಂಜೆ ಮನೆಯ ಮಾಳಿಗೆಯ ಮೇಲೆ ವಿಡಿಯೋ ಕ್ಯಾಮೆರಾವನ್ನು ಸ್ಥಿರವಾಗಿ ನಿಲ್ಲಿಸಿ, ಹಗಲಿನ ಕೊನೆಯ ಒಂದು ಗಂಟೆಯ ಬೆಳಕಿನಲ್ಲಿ ಮ್ಯಾನ್‌ಹಟನ್ನಿನಿಂದ ಏಳುತ್ತಿದ್ದ ಹೊಗೆಯನ್ನು ಕತ್ತಲಾಗುವವರೆಗೆ ಚಿತ್ರಿಸಿದರು. ತರುವಾಯ ಆ ಚಿತ್ರಕ್ಕೆ ಮೊದಲ ಖಂಡವನ್ನು ಜೋಡಿಸಿದರು. ಸಂಪುಟಗಳ ಹೊದಿಕೆಯ ಮೇಲಿರುವುದು ಅದೇ ಚಿತ್ರದ ದೃಶ್ಯಗಳು. ಕೃತಿಯ ಅರ್ಪಣೆಯೂ ಆ ದಿನ ಮಡಿದವರಿಗೆ.

ಇಲ್ಲಿ ಕಾಲಾನುಕ್ರಮದ ವಿಷಯದಲ್ಲಿ ಎಚ್ಚರ ಬೇಕು. ಈ ಸಂಗೀತವು ಆ ದುರಂತದ ಕುರಿತು ರಚಿತವಾದುದೆಂದು ಭಾವಿಸುವವರುಂಟು. ಅದು ಸರಿಯಲ್ಲ. ಸ್ವರಗಳು ಆ ಹೊತ್ತಿಗೆ 20 ವರ್ಷ ಹಳೆಯವು, ಟೇಪುಗಳು ಉದುರತೊಡಗಿದ್ದು ಗೋಪುರಗಳು ಉರುಳುವ ಮೊದಲು. ಹಾಗಾದರೆ ಅರ್ಪಣೆಯು ಕೃತಕವಾದುದೇ? ಹಿಂದೆ ನಾವು ಹಾಗೆಯೇ ಎಣಿಸಿದ್ದೆವು. ಸುಮಾರು 3,000 ಜನರ ಸಾವನ್ನು ಧ್ವನಿಮುದ್ರಿಕೆಯೊಂದರ ಹೊದಿಕೆಗೆ ಬಳಸುವುದು ಉಚಿತವೇ ಎಂಬ ಕಸಿವಿಸಿ ಈಗಲೂ ಸಂಪೂರ್ಣವಾಗಿ ತೊಲಗಿಲ್ಲ. ಆದರೆ ಆಕರವೊಂದರ ಅರ್ಥವು ಅದರ ಹುಟ್ಟಿನಲ್ಲಿಯೇ ಮುಗಿಯುವುದಿಲ್ಲವೆಂಬುದನ್ನೂ ಒಪ್ಪಬೇಕಾಗುತ್ತದೆ. ಮಾಸ್ತಿಕಲ್ಲನ್ನು ಕೆತ್ತಿದವನ ಉದ್ದೇಶ ಒಂದು. ಹೊಲದ ಬದುವಿನಲ್ಲಿ ಅದಕ್ಕೆ ಅರಿಸಿನ ಕುಂಕುಮವಿಡುವ ಇಂದಿನ ಒಕ್ಕಲಗಿತ್ತಿಯ ಭಕ್ತಿ ಮತ್ತೊಂದು. ಎರಡೂ ಚರಿತ್ರೆಯೇ. ಎರಡನ್ನೂ ಬೆರಸಿ ಒಂದೇ ಎನ್ನುವುದು ಮಾತ್ರ ತಪ್ಪು. ಕಥೆಯನ್ನು ತಿಳಿಯದ ವಿದ್ಯಾರ್ಥಿಗಳನ್ನು ನಾದವೇ ಹಿಡಿದು ಕೂರಿಸಿತು. ಕಥೆಯನ್ನು ಹೇಳಿದ ಮೇಲೆ ಅವರು ಕೇಳಿದುದು ಬೇರೆಯೇ ಒಂದು ಸಂಗೀತ.

2011ರ ಸೆಪ್ಟೆಂಬರ್ 11ರಂದು, ಹತ್ತನೆಯ ವಾರ್ಷಿಕದ ದಿನ, ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಕಲಾಸಂಗ್ರಹಾಲಯದಲ್ಲಿ ಮೊದಲ ಖಂಡವನ್ನು ವಾದ್ಯವೃಂದವೊಂದು ನುಡಿಸಿತು. ಸ್ವರಲಿಪಿಯನ್ನು ಸಿದ್ಧಪಡಿಸಿದವರು ಮ್ಯಾಕ್ಸಿಂ ಮಾಸ್ಟನ್. ಟೇಪಿನಲ್ಲಿ ಪುಡಿ ಉದುರಿದ ಎಡೆಗಳು ಇಲ್ಲಿ ವಾದಕರು ಎಣಿಸಿ ಪಾಲಿಸಬೇಕಾದ ವಿರಾಮಗಳಾದುವು. ನಾಶವನ್ನು ಬರೆದಿಟ್ಟು ಬೇಕಾದಾಗ ಮರಳಿ ನುಡಿಸಬಹುದಾದಂತೆ ಮಾಡಿದುದು ಪ್ರತಿಲಿಪಿಕಾರನ ಕೆಲಸವೇ ಸರಿ. ಆದರೂ ಮೂಲದ ಉಸಿರು ಅದರಲ್ಲಿ ಉಳಿಯುವುದೆಂದು ನಮಗೆ ತೋರುವುದಿಲ್ಲ, ಏಕೆಂದರೆ ಅಲ್ಲಿ ಏನೂ ನಿಜವಾಗಿ ಅಳಿಯುತ್ತಿರುವುದಿಲ್ಲ. ನುಡಿಸಿದ ಸ್ಥಳವು ದೆಂಡೂರ್ ದೇವಾಲಯದ ಅಂಗಳ. ಅಸ್ವಾನಿನ ಅಣೆಕಟ್ಟಿನಿಂದ ಮುಳುಗಲಿದ್ದ ಈ ನೂಬಿಯದ ಗುಡಿಯನ್ನು ಕಲ್ಲು ಕಲ್ಲಾಗಿ ಬಿಚ್ಚಿ, 1965ರಲ್ಲಿ ಈಜಿಪ್ಟ್ ಸರ್ಕಾರವು ಅಮೆರಿಕಕ್ಕೆ ದಾನವಾಗಿ ಕೊಟ್ಟಿತ್ತು.

ನಾವು ಈ ಮುದ್ರಿಕೆಯ ಕಡೆಗೆ ತಿರುಗಿದುದಕ್ಕೆ ಒಂದು ಸ್ವಂತ ಕಾರಣವುಂಟು. ನಮಗೆ ಪರಿಚಯವಿರುವ ಸಂಸ್ಥೆಯೊಂದರ ಕಪಾಟಿನಲ್ಲಿ ಹಳೆಯ ಟೇಪುಗಳು ಕೆಲವು ಸಿಕ್ಕಿದುವು. ಒಂದರ ಪೆಟ್ಟಿಗೆಯ ಮೇಲೆ, ಕರನಿರಾಕರಣ ಚಳವಳಿಯಲ್ಲಿ ಭಾಗವಹಿಸಿದ್ದ ಒಬ್ಬ ವೃದ್ಧೆಯ ಹೇಳಿಕೆಯೆಂದು ಬರೆದಿತ್ತು. ಯಂತ್ರಕ್ಕೆ ಹಾಕಿದೆವು. ಆಕೆ ತಮ್ಮ ಮನೆಯ ಪಾತ್ರೆಗಳನ್ನು ಜಫ್ತಿ ಮಾಡಿದ ದಿನದ ಮಾತನ್ನು ತೆಗೆದಿದ್ದರು, ಹಂಡೆಯನ್ನು ಹೊತ್ತು ಹೋದವನ ಹೆಸರನ್ನು ಹೇಳಲಿದ್ದರು. ಅಷ್ಟರಲ್ಲಿ ಧ್ವನಿ ತಗ್ಗಿತು. ಯಂತ್ರದ ಮುಖದ ಮೇಲೆ ಕಂದು ಬಣ್ಣದ ಪುಡಿ ಕೂತಿತ್ತು. ನಾವು ನಿಲ್ಲಿಸಿಬಿಟ್ಟೆವು. ಅಂಟು ನೀರ್ಪಸೆಯಿಂದ ಮೆತ್ತಗಾಗಿದ್ದರೆ ಟೇಪನ್ನು ಹದವಾದ ಬಿಸಿಯಲ್ಲಿ ಒಣಗಿಸಿ ಒಮ್ಮೆ ನುಡಿಸಿ ಇಳಿಸಿಕೊಳ್ಳುವ ಉಪಾಯವುಂಟು. ಪುಡಿಯೇ ಕಳಚಿಕೊಂಡಿದ್ದರೆ ಅದೂ ಇಲ್ಲ. ಯಾವುದೆಂದು ತಜ್ಞರು ಬಂದು ನೋಡುವವರೆಗೆ ಯಾರೂ ಅದನ್ನು ನುಡಿಸಕೂಡದೆಂದು ಪೆಟ್ಟಿಗೆಯ ಮೇಲೆ ಚೀಟಿ ಅಂಟಿಸಿದ್ದೇವೆ.