ಸರ್ಕಾರದ ರೂಪಾಯಿ ಊರಾಗ ಎಷ್ಟು ಸಲ ಕೈ ಬದಲಿಸ್ತೈತಿ?

ಇವತ್ತಿನ ಸಂಚಿಕೆಯಲ್ಲಿ ರಾಜ್ಯ ಸರ್ಕಾರದ ಖರ್ಚಿನ ಬಗ್ಗೆ ಮಾತಾಡೋಣ. ಬಜೆಟ್ ಅಂದ್ರೆ ಬೆಂಗಳೂರಿನ ಸುದ್ದಿ ಅಂತ ಬಹಳ ಜನ ಬಿಟ್ಟುಬಿಡ್ತಾರೆ. ನಾನು ಅದನ್ನು ಬೆಳಗಾವಿ ಜಿಲ್ಲೆಯ ನಾಲ್ಕು ತಾಲೂಕುಗಳಿಂದ ಓದ್ತೀನಿ: ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ. ನನ್ನ ಪ್ರಶ್ನೆ ಒಂದೇ. ಸರ್ಕಾರ ಖರ್ಚು ಮಾಡಿದ ರೂಪಾಯಿ ಈ ಊರುಗಳಿಗೆ ಬಂದ ಮೇಲೆ, ಎರಡನೇ ಸಲ ಯಾರ ಕೈಗೆ ಹೋಗುತ್ತದೆ?

ಮೊದಲು ದೊಡ್ಡ ಲೆಕ್ಕ ನೋಡೋಣ. 2025-26ರ ರಾಜ್ಯ ಬಜೆಟ್‌ನ ಗಾತ್ರ 4,09,549 ಕೋಟಿ ರೂಪಾಯಿ. ಇದನ್ನು 100 ರೂಪಾಯಿ ಅಂತ ಹಿಡೀರಿ. ಅದರಲ್ಲಿ ಸುಮಾರು 76 ರೂಪಾಯಿ ಸಂಬಳ, ಪಿಂಚಣಿ, ಬಡ್ಡಿ, ಸಹಾಯಧನದಂಥ ದಿನನಿತ್ಯದ ಖರ್ಚಿಗೆ ಹೋಗುತ್ತದೆ. ರಸ್ತೆ, ಕಾಲುವೆ, ಕಟ್ಟಡದಂಥ ಬಂಡವಾಳ ವೆಚ್ಚಕ್ಕೆ ಸುಮಾರು 17 ರೂಪಾಯಿ. ಉಳಿದದ್ದು ಹಳೇ ಸಾಲದ ಅಸಲು ತೀರಿಸೋಕೆ. ಐದು ಗ್ಯಾರಂಟಿಗಳಿಗೆ ಇಟ್ಟಿದ್ದು 51,034 ಕೋಟಿ, ಅಂದ್ರೆ ನೂರಕ್ಕೆ ಹನ್ನೆರಡೂವರೆ ರೂಪಾಯಿ. ಇದು ಆ 76ರ ಒಳಗೇ ಬರುತ್ತದೆ.

ಖರ್ಚಿಗೆ ಕಡಿವಾಣ ಹಾಕೋಕೆ ಕರ್ನಾಟಕದಲ್ಲಿ 2002ರಿಂದಲೇ ಕಾಯ್ದೆ ಇದೆ, ವಿತ್ತೀಯ ಹೊಣೆಗಾರಿಕೆ ಅಧಿನಿಯಮ. ವಿತ್ತೀಯ ಕೊರತೆ ರಾಜ್ಯದ ಒಟ್ಟು ಉತ್ಪನ್ನದ ಶೇ 3 ದಾಟಬಾರದು, ಒಟ್ಟು ಸಾಲದ ಹೊರೆ ಶೇ 25 ದಾಟಬಾರದು. 2025-26ರ ಅಂದಾಜು ಶೇ 2.95 ಮತ್ತು ಶೇ 24.91. ಗೆರೆಯ ಒಳಗೇ ಇದೀವಿ, ಆದರೆ ಗೆರೆಗೆ ಅಂಟಿಕೊಂಡು ನಿಂತಿದೀವಿ. ಅದಕ್ಕಿಂತ ಮುಖ್ಯವಾದದ್ದು, ದಿನನಿತ್ಯದ ಖರ್ಚು ಆದಾಯಕ್ಕಿಂತ 19,262 ಕೋಟಿ ಹೆಚ್ಚು. ಇದಕ್ಕೆ ರಾಜಸ್ವ ಕೊರತೆ ಅಂತಾರೆ. ಸಾಲ ಮಾಡಿ ಬಾವಿ ತೋಡಿಸೋದು ಬೇರೆ, ಸಾಲ ಮಾಡಿ ಸಂತಿ ಮಾಡೋದು ಬೇರೆ. ಸಂತಿಗೇ ಸಾಲ ಮಾಡಬೇಕಾದಾಗ, ತಂದ ಸಾಮಾನು ಮನೆಗೆ ಎಷ್ಟು ಉಪಯೋಗ ಬಿತ್ತು ಅಂತ ಕೇಳಲೇಬೇಕು.

ಈಗ ಸವದತ್ತಿಗೆ ಬರೋಣ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಯ್ತು. ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಟಿಕೆಟ್ ದುಡ್ಡಿಲ್ಲ. ಆವಾಗಿಂದ ಯಲ್ಲಮ್ಮನ ಗುಡ್ಡಕ್ಕೆ ಹೋಗೋ ಬಸ್ಸುಗಳ ಗದ್ದಲ ನಿಮಗೆಲ್ಲ ಗೊತ್ತೇ ಇದೆ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆ ಬಂದ್ರಂತೂ ಕೇಳೋದೇ ಬೇಡ. ಬಸ್ಸಿನ ದುಡ್ಡು ಉಳಿಸಿದ ಹೆಣ್ಣುಮಗಳು ಗುಡ್ಡದ ಮೇಲೆ ಏನು ಮಾಡ್ತಾಳೆ? ಭಂಡಾರ, ಕುಂಕುಮ, ಹಸಿರು ಬಳೆ, ಕಾಯಿ ಕೊಳ್ತಾಳೆ. ಅಡುಗೆ ಮಾಡಿ ಪಡ್ಡಲಗಿ ತುಂಬಿಸೋಕೆ ತರಕಾರಿ, ಕಟ್ಟಿಗೆ ಕೊಳ್ತಾಳೆ. ಸರ್ಕಾರ ಸಾರಿಗೆ ಸಂಸ್ಥೆಗೆ ಕೊಡಬೇಕಾದ ಒಂದು ಟಿಕೆಟ್ಟಿನ ದುಡ್ಡು ಹೀಗೆ ಸವದತ್ತಿಯ ಬಳೆಗಾರನ ಗಲ್ಲಾಪೆಟ್ಟಿಗೆಗೂ ತಲುಪಿತು. ಇದು ರೂಪಾಯಿಯ ಎರಡನೇ ಸುತ್ತು.

ಆದರೆ ಮೊದಲನೇ ಸುತ್ತಿನಲ್ಲೇ ಒಂದು ತೊಡಕಿದೆ. ಶೂನ್ಯ ಟಿಕೆಟ್ಟಿನ ಮೊತ್ತವನ್ನು ಸರ್ಕಾರ ಸಾರಿಗೆ ಸಂಸ್ಥೆಗಳಿಗೆ ತುಂಬಿಕೊಡಬೇಕು. ಅದು ಪೂರ್ತಿ, ಹೊತ್ತಿಗೆ ಸರಿಯಾಗಿ ಬರದಿದ್ದರೆ ಹೊಸ ಬಸ್ಸು, ಡೀಸೆಲ್, ಸಿಬ್ಬಂದಿಯ ಭವಿಷ್ಯನಿಧಿ ಎಲ್ಲದಕ್ಕೂ ಪೆಟ್ಟು. 2025ರ ಜನವರಿಯಲ್ಲಿ ಬಸ್ ದರ ಶೇ 15ರಷ್ಟು ಏರಿತು. ಅದೇ ಹೊತ್ತಿಗೆ ನಾಲ್ಕೂ ಸಾರಿಗೆ ಸಂಸ್ಥೆಗಳಿಗೆ ಸೇರಿ 2,000 ಕೋಟಿ ಸಾಲ ಪಡೆಯೋಕೆ ಅನುಮತಿ ಸಿಕ್ಕಿತು. ಮಾತು ಕೊಡೋದು ಸುಲಭ, ಬಿಲ್ ಚುಕ್ತಾ ಮಾಡೋದು ಹೊಣೆಗಾರಿಕೆ.

ಸವದತ್ತಿಯದೇ ಇನ್ನೊಂದು ಲೆಕ್ಕ ಇದೆ. 2024ರ ನವೆಂಬರ್‌ನಲ್ಲಿ ಯಲ್ಲಮ್ಮನ ಗುಡ್ಡದ ಅಭಿವೃದ್ಧಿಗೆ ಕೇಂದ್ರ ಸರ್ಕಾರ 100 ಕೋಟಿ ಮಂಜೂರು ಮಾಡಿತು. ಇದು ರಾಜ್ಯಗಳ ಬಂಡವಾಳ ವೆಚ್ಚಕ್ಕೆ ಕೊಡುವ 50 ವರ್ಷದ ಬಡ್ಡಿ ಇಲ್ಲದ ಸಾಲ. ಬಡ್ಡಿ ಇಲ್ಲ ಖರೆ, ಆದರೆ ಸಾಲ ಸಾಲವೇ. ಹಂಗಾಗಿ ನಾವು ಕೇಳಬೇಕಾದ್ದು: ಕಟ್ಟಿದ ಯಾತ್ರಿನಿವಾಸ, ಶೌಚಾಲಯಗಳನ್ನು ಮುಂದೆ ಯಾರು ನಿಗಾ ಮಾಡ್ತಾರೆ, ಯಾವ ದುಡ್ಡಿನಿಂದ? ಹೊಸ ಅಂಗಡಿ ಸಾಲಿನಲ್ಲಿ ಈಗ ರಸ್ತೆಬದಿ ಕೂತು ಮಾರುವವರಿಗೆ ಜಾಗ ಇದೆಯೋ, ಹೆಚ್ಚು ಹರಾಜು ಕೂಗಿದ ಹೊರಗಿನವರಿಗೋ?

ಬೈಲಹೊಂಗಲಕ್ಕೆ ಹೋಗೋಣ. ಗೃಹಲಕ್ಷ್ಮಿ ತಿಂಗಳಿಗೆ 2,000 ರೂಪಾಯಿ. ಒಂದು ಹಳ್ಳಿಯಲ್ಲಿ ಸಾವಿರ ಮಹಿಳೆಯರಿಗೆ ಬರುತ್ತದೆ ಅಂತ ಹಿಡಿದರೆ ತಿಂಗಳಿಗೆ 20 ಲಕ್ಷ, ವರ್ಷಕ್ಕೆ 2 ಕೋಟಿ 40 ಲಕ್ಷ. ಕಿರಾಣಿ, ಹೊಲಿಗೆಯಂಗಡಿ, ಎಮ್ಮೆಯ ಹಿಂಡಿಗೆ ಹೋದದ್ದು ತಾಲೂಕಿನಲ್ಲೇ ಇನ್ನೊಂದು ಸುತ್ತು ಹಾಕುತ್ತದೆ. ಮೈಕ್ರೋಫೈನಾನ್ಸ್ ಕಂತಿಗೆ, ಮೊಬೈಲ್ ರೀಚಾರ್ಜ್‌ಗೆ ಹೋದದ್ದು ಅವತ್ತೇ ಊರು ಬಿಡುತ್ತದೆ. ಮಹಿಳೆ ತನ್ನ ದುಡ್ಡನ್ನು ಹೆಂಗ ಖರ್ಚು ಮಾಡಬೇಕು ಅನ್ನೋದು ಆಕಿಗೆ ಬಿಟ್ಟದ್ದು. ಸರ್ಕಾರದ ಕೈಯಲ್ಲಿ ಇರೋದು ಬೇರೆ ಸಂಗತಿ: ಹಣ ಹೊತ್ತಿಗೆ ಸರಿಯಾಗಿ ಬರೋದು. ಕಂತು ಎರಡು ಮೂರು ತಿಂಗಳು ತಡವಾದರೆ ಆ ಭಾರ ಬೀಳೋದು ಕಿರಾಣಿ ಅಂಗಡಿಯ ಉದ್ರಿ ಪುಸ್ತಕದ ಮೇಲೆ.

ರಾಮದುರ್ಗದ ಲೆಕ್ಕ ಇನ್ನೂ ಸ್ಪಷ್ಟ. ಇದು ನೇಕಾರರ ತಾಲೂಕು. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿದಾಗ ಇಲ್ಲಿ ಮನೆಗಳ ಜೊತೆ ಮಗ್ಗಗಳೂ ನೀರು ಕುಡಿದವು. ನೇಕಾರನಿಗೆ ಸರ್ಕಾರ ಎರಡು ರೀತಿ ನೆರವಾಗಬಹುದು. ಒಂದು, ನೇಕಾರ ಸಮ್ಮಾನದ ವಾರ್ಷಿಕ 5,000 ರೂಪಾಯಿಯಂಥ ನೇರ ನೆರವು. ಇನ್ನೊಂದು, ಅವನು ನೇಯ್ದ ಬಟ್ಟೆಯನ್ನೇ ಕೊಳ್ಳೋದು. ಸರ್ಕಾರಿ ಶಾಲೆ ಮಕ್ಕಳ ಸಮವಸ್ತ್ರಕ್ಕೆ ವಿದ್ಯಾವಿಕಾಸ ಯೋಜನೆಯಲ್ಲಿ ಕೈಮಗ್ಗ ಅಭಿವೃದ್ಧಿ ನಿಗಮದ ನೇಕಾರರಿಂದ ಬಟ್ಟೆ ನೇಯಿಸಿದ್ದು ಇದೇ ಲೆಕ್ಕದಲ್ಲಿ. ಮಕ್ಕಳಿಗೆ ಬಟ್ಟೆ ಕೊಡೋದು ಹೆಂಗೂ ಮಾಡಬೇಕಾದ ಖರ್ಚು. ಅದೇ ಖರ್ಚು ಮಗ್ಗದ ಮನೆಗೆ ವರ್ಷಪೂರ್ತಿ ಕೆಲಸವಾದರೆ ಒಂದೇ ರೂಪಾಯಿ ಎರಡು ಕೆಲಸ ಮಾಡಿದ ಹಾಗೆ. ಹೊರಗಿನ ಗಿರಣಿಯ ಬಟ್ಟೆ ನಾಲ್ಕು ದುಡ್ಡು ಅಗ್ಗ ಇರಬಹುದು. ಕೆಲಸ ಇಲ್ಲದ ನೇಕಾರನಿಗೆ ಆಮೇಲೆ ಕೊಡಬೇಕಾದ ನೆರವನ್ನೂ ಆ ಅಗ್ಗದ ಬೆಲೆಗೆ ಕೂಡಿಸಿ ನೋಡಬೇಕು. ಹಾಗಂತ ಗುಣಮಟ್ಟದಲ್ಲಿ ರಿಯಾಯಿತಿ ಬೇಡ. ಕೆಟ್ಟ ಬಟ್ಟೆ ತೊಡೋದು ಬಡವರ ಮಕ್ಕಳೇ.

ಕಡೆಗೆ ಕಿತ್ತೂರು. 1824ರ ಅಕ್ಟೋಬರ್ 23ರಂದು ರಾಣಿ ಚೆನ್ನಮ್ಮನ ಸೈನ್ಯ ಕಂಪನಿಯ ಸೈನ್ಯವನ್ನು ಸೋಲಿಸಿತು, ಥ್ಯಾಕರೆ ಸತ್ತ. ಅದರ ನೆನಪಿಗೆ ಪ್ರತಿ ವರ್ಷ ಅಕ್ಟೋಬರ್ 23ರಿಂದ 25ರವರೆಗೆ ಉತ್ಸವ. ಉತ್ಸವ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ವೇದಿಕೆ, ದೀಪ, ಸೌಂಡ್, ತಾರಾ ಕಲಾವಿದರು ಎಲ್ಲಾ ಹೊರಗಿಂದ ಬಂದು ಹೋದರೆ 26ನೇ ತಾರೀಕು ಕಿತ್ತೂರಿಗೆ ಉಳಿಯೋದೇನು? ಕಿತ್ತೂರಿನ ಕೋಟೆ, ರಾಯಣ್ಣನ ಸಂಗೊಳ್ಳಿ, ಚೆನ್ನಮ್ಮನ ಸಮಾಧಿ ಇರುವ ಬೈಲಹೊಂಗಲ, ಇವು ಒಂದೇ ಚರಿತ್ರೆಯ ಮೂರು ಊರು. ಧಾರವಾಡ-ಬೆಳಗಾವಿ ಹೆದ್ದಾರಿಯಲ್ಲಿ ದಿನಾ ಹಾದುಹೋಗುವವರನ್ನು ಈ ದಾರಿಗೆ ಒಂದು ದಿನ ತಿರುಗಿಸಿದರೆ ಖಾನಾವಳಿ, ಟಂಟಂ, ಚಹಾದಂಗಡಿಗೆ ವರ್ಷವಿಡೀ ಗಿರಾಕಿ.

ಹಾಗಾದ್ರೆ ಅಳೆಯೋದು ಹೆಂಗ? ನಾನು ಮೂರು ಪ್ರಶ್ನೆ ಇಟ್ಕೊಂಡೀನಿ. ಹಣ ಎಲ್ಲಿಂದ ಬಂತು, ಆದಾಯದಿಂದಲೋ ಸಾಲದಿಂದಲೋ? ಹೇಳಿದ ದಿನಕ್ಕೆ ತಲುಪಿತೋ? ತಲುಪಿದ ಮೇಲೆ ಊರಲ್ಲಿ ಎಷ್ಟು ಕೈ ಬದಲಿಸಿತು? ಮೊದಲನೆಯದಕ್ಕೆ ಬಜೆಟ್ ಪುಸ್ತಕದಲ್ಲಿ ಉತ್ತರ ಇದೆ. ಉಳಿದೆರಡರ ಉತ್ತರ ಗ್ರಾಮಸಭೆಯಲ್ಲಿ, ಸಂತೆಯಲ್ಲಿ, ಉದ್ರಿ ಪುಸ್ತಕದಲ್ಲಿ ಸಿಗುತ್ತದೆ. ಮುಂದಿನ ಗ್ರಾಮಸಭೆಗೆ ನೀವು ಹೋದ್ರೆ "ನಮ್ಮೂರಿಗೆ ಎಷ್ಟು ಬಂತು" ಅಂತ ಅಷ್ಟೇ ಕೇಳಬೇಡ್ರಿ. "ಬಂದದ್ದರಲ್ಲಿ ಎಷ್ಟು ಉಳೀತು" ಅಂತಾನೂ ಕೇಳ್ರಿ.