ಜಿಂಕ್: ಯಾವ ಮಗುವಿಗೆ, ಎಷ್ಟು ದಿನ?

1958ರಲ್ಲಿ ಇರಾನಿನ ಶಿರಾಜ್ ನಗರದ ಆಸ್ಪತ್ರೆಗೆ 21 ವರ್ಷದ ಯುವಕನೊಬ್ಬ ಬಂದ. ನೋಡಿದರೆ ಹತ್ತು ವರ್ಷದ ಹುಡುಗ. ಮೀಸೆ ಚಿಗುರಿರಲಿಲ್ಲ, ಚರ್ಮ ಒರಟಾಗಿತ್ತು, ತೀವ್ರ ರಕ್ತಹೀನತೆಯಿತ್ತು. ಅವನ ಊಟವೆಲ್ಲ ಹುಳಿ ಬರಿಸದ ಗೋಧಿ ರೊಟ್ಟಿ, ಜೊತೆಗೆ ಮಣ್ಣು ತಿನ್ನುವ ಚಟ ಬೇರೆ. ಅವನನ್ನು ಪರೀಕ್ಷಿಸಿದವರಲ್ಲಿ ಡಾ. ಆನಂದ ಪ್ರಸಾದ್ ಒಬ್ಬರು. ಬಿಹಾರದ ಬಕ್ಸರ್‌ನಲ್ಲಿ ಹುಟ್ಟಿ, ಪಟ್ನಾದಲ್ಲಿ ವೈದ್ಯಕೀಯ ಓದಿ, ಅಮೆರಿಕದಲ್ಲಿ ಸಂಶೋಧನೆ ಮಾಡಿ ಬಂದವರು. ರಕ್ತಹೀನತೆಗೆ ಕಬ್ಬಿಣದ ಕೊರತೆ ಕಾರಣವೆನ್ನಬಹುದಿತ್ತು. ಆದರೆ ಬೆಳವಣಿಗೆಯೇ ನಿಂತುಹೋದದ್ದೇಕೆ? ಅಂಥದೇ ಲಕ್ಷಣಗಳ ಇನ್ನೂ ಕೆಲವರು ಅದೇ ಊರಿನಲ್ಲಿ ಸಿಕ್ಕಾಗ ಪ್ರಸಾದರ ಅನುಮಾನ ಸತುವಿನ, ಅಂದರೆ ಜಿಂಕ್‌ನ, ಕಡೆಗೆ ಹೊರಳಿತು.

ಆ ಕಾಲದಲ್ಲಿ ಮನುಷ್ಯನಿಗೆ ಜಿಂಕ್ ಕೊರತೆ ಆಗುತ್ತದೆಂದರೆ ನಂಬುವವರು ಕಡಿಮೆ. ಪ್ರಸಾದ್ ಈಜಿಪ್ಟಿಗೆ ಹೋಗಿ, ಅಲ್ಲಿನ ಹಳ್ಳಿಗಳಲ್ಲಿ ಹೀಗೆಯೇ ಕುಳ್ಳಗಾಗಿ ಉಳಿದಿದ್ದ ಹುಡುಗರ ರಕ್ತದಲ್ಲಿ, ಕೂದಲಿನಲ್ಲಿ ಜಿಂಕ್ ಅಳೆದರು. ಕಡಿಮೆಯೇ ಇತ್ತು. ಜಿಂಕ್ ಕೊಟ್ಟಾಗ ಅವರು ಎತ್ತರವಾಗತೊಡಗಿದರು, ತಡವಾಗಿದ್ದ ಪ್ರಾಯವೂ ಬಂತು. ಅಮೆರಿಕದ ಪರಿಣತರು ದಿನನಿತ್ಯ ಬೇಕಾದ ಪೋಷಕಾಂಶಗಳ ಪಟ್ಟಿಗೆ ಜಿಂಕ್ ಸೇರಿಸಿದ್ದು 1974ರಲ್ಲಿ.

ರೊಟ್ಟಿಯಲ್ಲಿ ಜಿಂಕ್ ಇರಲಿಲ್ಲವೆಂದಲ್ಲ. ಧಾನ್ಯದ ಹೊಟ್ಟಿನಲ್ಲಿರುವ ಫೈಟೇಟ್ ಎಂಬ ರಾಸಾಯನಿಕ ಕರುಳಿನಲ್ಲಿ ಜಿಂಕ್ ಮತ್ತು ಕಬ್ಬಿಣವನ್ನು ಹಿಡಿದಿಟ್ಟುಕೊಂಡು ಮಲದ ಜೊತೆ ಹೊರಗೆ ಕಳಿಸುತ್ತದೆ. ನಮ್ಮ ರಾಗಿಯಲ್ಲೂ ಫೈಟೇಟ್ ಇದೆ. ಮೊಳಕೆ ಕಟ್ಟಿದಾಗ, ಹಿಟ್ಟು ಹುದುಗಿದಾಗ ಫೈಟೇಸ್ ಎಂಬ ಕಿಣ್ವ ಅದನ್ನು ಒಡೆಯುತ್ತದೆ. ಮೊಳಕೆ ಬರಿಸಿ, ಒಣಗಿಸಿ, ಬೀಸಿ ಮಾಡುವ ರಾಗಿ ಸರಿ ಹಾಗೂ ರಾತ್ರಿಯಿಡೀ ಹುಳಿ ಬಂದ ಇಡ್ಲಿ ಹಿಟ್ಟು ಈ ಲೆಕ್ಕದಲ್ಲಿ ಅಚ್ಚುಕಟ್ಟಾದ ರಸಾಯನಶಾಸ್ತ್ರ. ಮೈಸೂರಿನ ಸಿಎಫ್‌ಟಿಆರ್‌ಐ ವಿಜ್ಞಾನಿಗಳಾದ ಕಲ್ಪನಾ ಪ್ಲಾಟೆಲ್ ಮತ್ತು ಕೆ. ಶ್ರೀನಿವಾಸನ್ ಇನ್ನೂ ಒಂದು ಸ್ವಾರಸ್ಯವನ್ನು ಕಂಡುಕೊಂಡರು: ಧಾನ್ಯ, ಬೇಳೆಗಳ ಜೊತೆ ಈರುಳ್ಳಿ ಅಥವಾ ಬೆಳ್ಳುಳ್ಳಿ ಸೇರಿದರೆ ಅವುಗಳಲ್ಲಿನ ಕಬ್ಬಿಣ, ಜಿಂಕ್ ಹೆಚ್ಚು ಬಿಡುಗಡೆಯಾಗುತ್ತವೆ. ಇದು ಜೀರ್ಣಕ್ರಿಯೆಯನ್ನು ಪ್ರಯೋಗಾಲಯದಲ್ಲಿ ಅನುಕರಿಸಿ ಪಡೆದ ಫಲಿತಾಂಶ, ಮಕ್ಕಳ ಮೇಲೆ ಮಾಡಿದ್ದಲ್ಲ. ಆದರೂ ಒಗ್ಗರಣೆ ಹಾಕುವವರು ಖುಷಿಪಡಲು ಅಡ್ಡಿಯಿಲ್ಲ.

ದೇಶದ ಸಮಗ್ರ ಪೋಷಣಾ ಸಮೀಕ್ಷೆ (2016-18) ಒಂದರಿಂದ ನಾಲ್ಕು ವರ್ಷದ ಮಕ್ಕಳಲ್ಲಿ ಶೇ. 19ರಷ್ಟು ಮಂದಿಗೆ ಜಿಂಕ್ ಕೊರತೆ ಗುರುತಿಸಿತು. ಹದಿಹರೆಯದವರಲ್ಲಿ ಅದು ಶೇ. 32. ಹಾಗಿದ್ದರೆ ಎಲ್ಲ ಮಕ್ಕಳಿಗೂ ದಿನಾ ಒಂದು ಚಮಚ ಜಿಂಕ್ ಸಿರಪ್ ಕುಡಿಸಿಬಿಡಬಹುದಲ್ಲವೇ?

ಅಷ್ಟು ಸುಲಭವಿಲ್ಲ. ಜಿಂಕ್ ಅತ್ಯಂತ ಗಟ್ಟಿಯಾಗಿ ಗೆದ್ದಿರುವುದು ಭೇದಿಯ ಚಿಕಿತ್ಸೆಯಲ್ಲಿ. ಮುನ್ನೂರಕ್ಕೂ ಹೆಚ್ಚು ಕಿಣ್ವಗಳಿಗೆ ಜಿಂಕ್ ಬೇಕು. ಕರುಳಿನ ಒಳಪದರ ಕೆಲವೇ ದಿನಗಳಿಗೊಮ್ಮೆ ಹೊಸದಾಗುತ್ತಿರುತ್ತದೆ. ಭೇದಿಯಾದಾಗ ಆ ಪದರಕ್ಕೂ ಪೆಟ್ಟು, ಜಿಂಕ್ ಸೋರಿಕೆಯೂ ಜೋರು. 1995ರಲ್ಲಿ ಪ್ರಕಟವಾದ ದೆಹಲಿಯ ಅಧ್ಯಯನವೊಂದರಲ್ಲಿ 937 ಮಕ್ಕಳ ಪೈಕಿ ಜಿಂಕ್ ಪಡೆದವರಲ್ಲಿ ಭೇದಿ ಮುಂದುವರಿಯುವ ಸಂಭವ ಶೇ. 23ರಷ್ಟು ಕಡಿಮೆಯಾಗಿತ್ತು. 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಜಂಟಿಯಾಗಿ ಶಿಫಾರಸು ಮಾಡಿದವು: ಆರು ತಿಂಗಳು ದಾಟಿದ ಮಕ್ಕಳಿಗೆ ಓಆರ್‌ಎಸ್ ಜೊತೆಗೆ ದಿನಕ್ಕೆ 20 ಮಿಲಿಗ್ರಾಂ ಜಿಂಕ್, 10ರಿಂದ 14 ದಿನ. ನಂತರದ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದಾಗ, ಆರು ತಿಂಗಳು ದಾಟಿದ ಮಕ್ಕಳಲ್ಲಿ ಭೇದಿಯ ಅವಧಿ ಸರಾಸರಿ ಅರ್ಧ ದಿನ, ಅಪೌಷ್ಟಿಕ ಮಕ್ಕಳಲ್ಲಿ ಸುಮಾರು ಒಂದು ದಿನ ಕಡಿಮೆಯಾಗಿದೆ. ಆರು ತಿಂಗಳೊಳಗಿನ ಶಿಶುಗಳಲ್ಲಿ ಅಂಥ ಲಾಭ ಕಂಡಿಲ್ಲ.

ಈ 20 ಮಿಲಿಗ್ರಾಂ ಎಂಬುದು ಎರಡು ವರ್ಷದ ಮಗುವಿನ ದಿನದ ಅಗತ್ಯದ ಐದಾರು ಪಟ್ಟು. ಜಿಂಕ್‌ನ ಒಗರು ಮಕ್ಕಳಿಗೆ ಹಿಡಿಸುವುದಿಲ್ಲ, ಕೆಲವರು ವಾಂತಿ ಮಾಡಿಕೊಳ್ಳುತ್ತಾರೆ. ಭಾರತ ಮತ್ತು ತಾಂಜಾನಿಯಾದ 4,500 ಮಕ್ಕಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 5 ಅಥವಾ 10 ಮಿಲಿಗ್ರಾಂ ಕೂಡ ಅಷ್ಟೇ ಕೆಲಸ ಮಾಡಿತು, ವಾಂತಿಯೂ ಕಡಿಮೆಯಾಯಿತು. ಎರಡು ವಾರಕ್ಕೆ ಮಿತಿಗೊಳಿಸಿರುವ ದೊಡ್ಡ ಪ್ರಮಾಣವನ್ನು ಯಾರೋ ಹೇಳಿದರೆಂದು ತಿಂಗಳುಗಟ್ಟಲೆ ಮುಂದುವರಿಸಿದರೆ ಕರುಳು ತಾಮ್ರವನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲ. ತಾಮ್ರ ಕಡಿಮೆಯಾದರೆ ಮತ್ತೆ ರಕ್ತಹೀನತೆ!

“ಮಗು ಊಟಾನೇ ಮಾಡಲ್ಲ ಡಾಕ್ಟ್ರೇ, ಒಂದು ಟಾನಿಕ್ ಬರೆದುಕೊಡಿ” ಎಂಬ ಮಾತು ಮಕ್ಕಳ ವೈದ್ಯರಿಗೆ ಹೊಸದಲ್ಲ. ಜಿಂಕ್ ಕೊರತೆಯಿದ್ದರೆ ಹಸಿವು ಮಂದವಾಗುವುದು ನಿಜ. ಆದರೆ ಊಟಕ್ಕೆ ಹಟ ಮಾಡುವ ಎಲ್ಲ ಮಕ್ಕಳಿಗೂ ಜಿಂಕ್ ಕೊರತೆ ಇರುವುದಿಲ್ಲ. ರಕ್ತಪರೀಕ್ಷೆಯನ್ನೂ ಪೂರ್ತಿ ನಂಬುವಂತಿಲ್ಲ, ಜ್ವರ, ಸೋಂಕು ಇದ್ದಾಗ ರಕ್ತದ ಜಿಂಕ್ ತಾನಾಗಿಯೇ ಇಳಿಯುತ್ತದೆ.

ಕಬ್ಬಿಣದ ಕಥೆ ಇನ್ನೂ ಸೂಕ್ಷ್ಮ. ಜಿಂಕ್ ಸಂಗ್ರಹಿಸಿಡಲು ದೇಹದಲ್ಲಿ ಉಗ್ರಾಣವಿಲ್ಲ, ಕಬ್ಬಿಣಕ್ಕೆ ಉಗ್ರಾಣವಿದೆ, ಹೆಚ್ಚಾದದ್ದನ್ನು ಹೊರಹಾಕುವ ಬಾಗಿಲಿಲ್ಲ. ಪೂರ್ವ ಆಫ್ರಿಕಾದ ಕರಾವಳಿಯಾಚೆ ಪೆಂಬಾ ಎಂಬ ದ್ವೀಪವಿದೆ, ಒಂದು ಕಾಲಕ್ಕೆ ಮಲೇರಿಯಾದ ತವರಾಗಿತ್ತು. ಆಗ ಅಲ್ಲಿ ಪುಟ್ಟ ಮಕ್ಕಳಿಗೆ ದಿನಾ ಕಬ್ಬಿಣ ಮತ್ತು ಫೋಲಿಕ್ ಆಮ್ಲ ಕೊಟ್ಟು ನೋಡಿದಾಗ ತೀವ್ರ ಕಾಯಿಲೆ ಹಾಗೂ ಸಾವಿನ ಸಂಭವ ಶೇ. 12ರಷ್ಟು ಏರಿತು. ಕಬ್ಬಿಣ ಕೊಡುವುದನ್ನು ಮಧ್ಯದಲ್ಲೇ ನಿಲ್ಲಿಸಬೇಕಾಯಿತು. ಮಲೇರಿಯಾ ಇಲ್ಲದ ನೇಪಾಳದ ಬಯಲುಸೀಮೆಯಲ್ಲಿ ಅದೇ ಮಾದರಿಯ ಪ್ರಯೋಗ ನಡೆದಾಗ ಇಂಥ ಹಾನಿ ಕಾಣಲಿಲ್ಲ. ಪೆಂಬಾದಲ್ಲೇ, ಆಗಾಗ ಪರೀಕ್ಷಿಸಿ ಮಲೇರಿಯಾಕ್ಕೆ ಚಿಕಿತ್ಸೆ ಕೊಡುತ್ತಿದ್ದ ಗುಂಪಿನಲ್ಲಿ, ನಿಜಕ್ಕೂ ಕಬ್ಬಿಣದ ಕೊರತೆಯಿದ್ದ ಮಕ್ಕಳಿಗೆ ಅದು ಒಳಿತನ್ನೇ ಮಾಡಿತ್ತು. 2006ರಲ್ಲಿ ಪ್ರಕಟವಾದ ಈ ಫಲಿತಾಂಶಗಳ ನಂತರ, ಮಲೇರಿಯಾ ಪ್ರದೇಶಗಳಲ್ಲಿ ಅದರ ತಡೆ ಮತ್ತು ಚಿಕಿತ್ಸೆಯ ಏರ್ಪಾಡಿಲ್ಲದೆ ಕಬ್ಬಿಣ ಹಂಚಬಾರದೆಂಬ ಎಚ್ಚರ ಬಂತು.

ನಮ್ಮಲ್ಲಿ ಅನೀಮಿಯಾ ಮುಕ್ತ ಭಾರತ ಕಾರ್ಯಕ್ರಮದಡಿ ಆರು ತಿಂಗಳಿಂದ ಐದು ವರ್ಷದ ಮಕ್ಕಳಿಗೆ ವಾರಕ್ಕೆ ಎರಡು ಸಲ ಒಂದೊಂದು ಮಿಲಿಲೀಟರ್ ಸಿರಪ್ ಕೊಡುತ್ತಾರೆ. ಅದರಲ್ಲಿ 20 ಮಿಲಿಗ್ರಾಂ ಕಬ್ಬಿಣವಿರುತ್ತದೆ. ಅಂದರೆ 50 ಮಿಲಿಲೀಟರಿನ ಒಂದು ಬಾಟಲಿಯಲ್ಲಿ 1,000 ಮಿಲಿಗ್ರಾಂ. ಹತ್ತು ಕೆ.ಜಿ. ತೂಕದ ಮಗು ಸಿಹಿಯೆಂದು ಅದನ್ನೆಲ್ಲ ಕುಡಿದರೆ ಜೀವಕ್ಕೇ ಅಪಾಯ. ಬಾಟಲಿ ಮಕ್ಕಳ ಕೈಗೆ ಎಟುಕಬಾರದು.

ಇಷ್ಟಾಗಿಯೂ ಅಗತ್ಯವಿದ್ದವರಿಗೆ ತಲುಪದಿರುವುದೇ ದೊಡ್ಡ ದೋಷ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಭೇದಿಯಾದ ಐದು ವರ್ಷದೊಳಗಿನ ಮಕ್ಕಳಲ್ಲಿ ಓಆರ್‌ಎಸ್ ಸಿಕ್ಕಿದ್ದು ಶೇ. 60ರಷ್ಟು ಮಂದಿಗೆ, ಜಿಂಕ್ ಸಿಕ್ಕಿದ್ದು ಶೇ. 30ರಷ್ಟು ಮಂದಿಗೆ ಮಾತ್ರ. ಭೇದಿ ನಿಂತ ಕೂಡಲೇ ಮಾತ್ರೆ ಬಿಡುವ ಮನೆಗಳೂ ಇವೆ. ಆಶಾ ಕಾರ್ಯಕರ್ತೆಯ ಬಳಿ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಓಆರ್‌ಎಸ್ ಪೊಟ್ಟಣದ ಜೊತೆ ಜಿಂಕ್ ಮಾತ್ರೆಯನ್ನೂ ಕೇಳಿ. ಒಂದು ಚಮಚ ನೀರಿನಲ್ಲೋ ಎದೆಹಾಲಿನಲ್ಲೋ ಕರಗಿಸಿ, ಹೇಳಿದಷ್ಟು ದಿನವೂ ಕೊಡಿ. ಮಲದಲ್ಲಿ ರಕ್ತ ಕಂಡರೆ, ಕಣ್ಣು ಗುಳಿಬಿದ್ದರೆ ಅಥವಾ ಮಗು ಏನನ್ನೂ ಕುಡಿಯದಿದ್ದರೆ ಮಾತ್ರೆಯನ್ನು ನಂಬಿ ಕೂರದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.